ಅನ್ನದ ಕೆಳಗಿನ ಹೆಸರು

ಹೋದ ತಿಂಗಳು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಗೃಹಪ್ರವೇಶದ ಊಟಕ್ಕೆ ಕೂತಿದ್ದೆ. ಶೇಂಗಾ ಎಣ್ಣೆ ಮಿಲ್ಲಿನ ಗುರುಬಸಪ್ಪನವರು ಹೊಸ ಮನೆ ಕಟ್ಟಿಸಿದ್ದಾರೆ. ಊರನ್ನೆಲ್ಲ ಕರೆದಿದ್ದರು, ಕಾರ್ಡು ನನ್ನ ಅಂಗಡಿಯಲ್ಲೇ ಟೈಪಾಗಿದ್ದರಿಂದ ನನ್ನನ್ನೂ ಕರೆದಿದ್ದರು. ಬಾಳೆ ಎಲೆ ಎರಡನೇ ಪಂಕ್ತಿಗೇ ಮುಗಿದುಹೋಯಿತಂತೆ, ನಮ್ಮ ಪಂಕ್ತಿಗೆ ಮನೆಯ ಸ್ಟೀಲ್ ತಟ್ಟೆ ಹಾಕಿದರು. ಗೋಧಿ ಹುಗ್ಗಿ ಆಯಿತು, ಬದನೆಕಾಯಿ ಪಲ್ಯ ಆಯಿತು, ಅನ್ನ ಸಾರು ಬಂತು. ತಲೆ ತಗ್ಗಿಸಿ ಹೊಡೆಯುತ್ತಿದ್ದೆ. ತಟ್ಟೆಯ ನಡುವಿನ ಅನ್ನ ಕರಗಿದಾಗ ಸಾರಿನ ಕೆಳಗೆ ಏನೋ ಗೆರೆ ಕಂಡಿತು. ಬೆರಳಿನಿಂದ ಸಾರು ಸರಿಸಿದೆ. ಒಂದು ‘ಶ್ರೀ’. ಅದರ ಬಾಲ ಬಲಕ್ಕೆ ಸುತ್ತಿ, ಮೇಲೆ ಹೋಗಿ, ತುದಿಯಲ್ಲಿ ಒಂದು ಚುಕ್ಕಿ ಇಟ್ಟುಕೊಂಡಿತ್ತು. ಹಾಗೆ ಶ್ರೀ ಬರೆಯುವವನು ಈ ತಾಲ್ಲೂಕಿನಲ್ಲಿ ಒಬ್ಬನೇ ಇದ್ದ. ಅದು ನಾನು.

ಉಳಿದ ಅನ್ನವನ್ನು ಪಕ್ಕಕ್ಕೆ ತಳ್ಳಿದೆ. ಪೂರ್ತಿ ಕಂಡಿತು. ‘ದಿ. ಶ್ರೀ ಪಂಪಣ್ಣನವರ ಸ್ಮರಣಾರ್ಥ.’

ಸಾರಿನ ವಾಸನೆ ಎಲ್ಲಿ ಹೋಯಿತೋ. ಸ್ಟೀಲು ಕೊರೆಯುವಾಗ ಬರುವ ಆ ಬಿಸಿ ಕಬ್ಬಿಣದ ವಾಸನೆ ಮೂಗಿಗೆ ಬಂತು, ಅದರ ಹಿಂದೆಯೇ ಆ ಬೇಸಿಗೆ ಬಂತು. ಸಮುದ್ರ ಉಕ್ಕಿ ಬಂದು ಕರಾವಳಿಗಳನ್ನು ಕೊಚ್ಚಿಕೊಂಡು ಹೋಯಿತಲ್ಲ, ಸುನಾಮಿ ಅಂತ ಟೀವಿಯವರು ನಮಗೆ ಹೊಸ ಪದ ಕಲಿಸಿದರಲ್ಲ, ಅದಾದ ಮೇಲಿನ ಬೇಸಿಗೆ.

ಆಗ ನನಗೆ ಹತ್ತೊಂಬತ್ತು. ಪಿಯುಸಿಯಲ್ಲಿ ಇಂಗ್ಲಿಷು ಎರಡು ಸಲ ಕೈಕೊಟ್ಟಿತ್ತು. ಸ್ಟೇಷನ್ ರೋಡಿನಲ್ಲಿ ಮಾಬಣ್ಣನ ಪಾತ್ರೆ ಅಂಗಡಿ. ಅದರ ಮುಂದೆ ಗೋಣಿಚೀಲ ಹಾಸಿಕೊಂಡು ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ನನ್ನ ಕೆಲಸ. ನಮ್ಮ ಕಡೆ ಹೆಸರಿಲ್ಲದ ಪಾತ್ರೆ ಮನೆಯೊಳಗೆ ಹೋಗುವುದಿಲ್ಲ. ಮದುವೆಗೆ ಕೊಡುವ ಕೊಡ, ತೊಟ್ಟಿಲಿಗೆ ಕೊಡುವ ಲೋಟ, ಕೊನೆಗೆ ಒಂದು ಸಾರಿನ ಸೌಟಿನ ಮೇಲೂ ಕೊಟ್ಟವರ ಹೆಸರು ಇರಲೇಬೇಕು. ಪೆನ್ನಿನಂಥ ಒಂದು ಕರೆಂಟಿನ ಮಷೀನು, ತುದಿಗೆ ಮೊಳೆ. ಗುಂಡಿ ಒತ್ತಿದರೆ ಗುಂಯ್ ಎಂದು ನಡುಗುತ್ತದೆ. ಆ ನಡುಕವನ್ನು ಹಿಡಿದು ಅಕ್ಷರ ಮಾಡಬೇಕು. ಯಾರೂ ಕಲಿಸಲಿಲ್ಲ. ಹಳೆಯ ಮುಚ್ಚಳಗಳ ಮೇಲೆ ಆರು ತಿಂಗಳು ಗೀಚಿ ಗೀಚಿ ನಾನೇ ಕಲಿತೆ. ಬಾಲದ ಶ್ರೀ ನಾನೇ ಕಂಡುಹಿಡಿದದ್ದು. ಕೊಟ್ಟೂರಿನಿಂದ, ಕೂಡ್ಲಿಗಿಯಿಂದ ಜನ ಪಾತ್ರೆ ಹಿಡಿದು ಬರುತ್ತಿದ್ದರು, ‘ಆ ಬಾಲದ ಹುಡುಗ ಎಲ್ಲದಾನ’ ಎಂದು ಕೇಳಿಕೊಂಡು!

ಅವ್ವ ಮಾತ್ರ ಕಾಲೆಳೆಯುತ್ತಿದ್ದಳು. “ಊರ ಮಂದಿ ಹೆಸರೆಲ್ಲ ಬರೀತಿ. ನಿನ್ನ ಹೆಸರು ಒಂದು ಲೋಟದ ಮ್ಯಾಲರ ಐತೇನ್ಲೇ ಕೊಟ್ರೇಶಿ?”

ಇನ್ನು ಹುಲಿಗೆಮ್ಮ ಮೇಡಂ. ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಹಡಗಲಿ ತಾಲ್ಲೂಕು, ಮೈಲಾರದ ಹತ್ತಿರದ ಒಂದು ಹಳ್ಳಿಯವರು. ಊರು ಅವರನ್ನು ‘ಆಫ್ರಿಕಾ ಮೇಡಂ’ ಎನ್ನುತ್ತಿತ್ತು. ತೊಂಬತ್ತರ ದಶಕದಲ್ಲಿ ಪೇಪರಿನ ಮೂಲೆಯ ಒಂದು ಜಾಹೀರಾತು ನೋಡಿ, ಅರ್ಜಿ ಹಾಕಿ, ಸಂಬಳವಿಲ್ಲದ ರಜೆ ತೆಗೆದುಕೊಂಡು, ಕೀನ್ಯಾ ದೇಶದ ಗಡಿಯ ಒಂದು ನಿರಾಶ್ರಿತರ ಶಿಬಿರಕ್ಕೆ ಪಾಠ ಹೇಳಲು ಹೋಗಿಬಿಟ್ಟಿದ್ದರು. ಯುದ್ಧಕ್ಕೆ ಹೆದರಿ ಓಡಿಬಂದ ಮಕ್ಕಳು. ತಾಡಪತ್ರಿಯ ಕೆಳಗೆ ಶಾಲೆ. ಎಣ್ಣೆ ಡಬ್ಬ ಬಿಚ್ಚಿ ಚಪ್ಪಟೆ ಮಾಡಿ, ಇದ್ದಿಲು ಬಳಿದ ಕಪ್ಪು ಹಲಗೆ. ಎರಡು ವರ್ಷ ಇದ್ದು ಬಂದರು. ಬಂದ ದಿನ ನಾವು ಮಕ್ಕಳೆಲ್ಲ ಮುತ್ತಿಕೊಂಡು, “ಮೇಡಂ, ಸಿಂಹ ನೋಡಿದ್ರೇನ್ರಿ?” ಎಂದು ಕೇಳಿದ್ದೆವು.

“ಇಲ್ರೋ. ಜಾಲಿ ಗಿಡ ನೋಡಿದೆ. ನಮ್ಮದಕ್ಕಿಂತ ಮುಳ್ಳು ಉದ್ದ.”

ಅಲ್ಲಿಂದ ಬಂದ ಮೇಲೆ ಅವರ ಪಾಠವೇ ಬದಲಾಯಿತು. ‘ತಿಳೀತಾ?’ ಎಂದು ಕೇಳುವುದನ್ನು ಬಿಟ್ಟರು. ಲೆಕ್ಕ ಮುಗಿದ ಮೇಲೆ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟು, ಅವನ ಜಾಗದಲ್ಲಿ ತಾವು ಹೋಗಿ ಕೂರುತ್ತಿದ್ದರು. “ಈಗ ನನಗ ನೀನು ಹೇಳಿಕೊಡು.” ಆ ಮಕ್ಕಳ ಭಾಷೆ ಬಾರದೆ ಅಲ್ಲಿ ಹೀಗೆ ಮಾಡಬೇಕಾಯಿತಂತೆ, ಇಲ್ಲಿಗೂ ಸರಿಹೋಯಿತು.

ಸಮುದ್ರ ಉಕ್ಕಿದ ಸುದ್ದಿ ಬಂದ ವಾರದಲ್ಲೇ ಕೀನ್ಯಾಕ್ಕೆ ಕಳಿಸಿದ್ದ ಪರಿಹಾರ ಸಂಸ್ಥೆಯಿಂದ ಅವರಿಗೆ ಮತ್ತೆ ಪತ್ರ ಬಂತು. ಶ್ರೀಲಂಕಾದ ಪೂರ್ವ ತೀರದಲ್ಲಿ ಡೇರೆ ಶಾಲೆ ಶುರುವಾಗಲಿದೆ, ಮಕ್ಕಳಿಗೆ ಮಧ್ಯಾಹ್ನದ ಊಟವೂ ಅಲ್ಲೇ, ಒಂದು ವರ್ಷಕ್ಕೆ ಬರುತ್ತೀರಾ ಎಂದು. ಮೇಡಂ ರಜೆಗೆ ಅರ್ಜಿ ಬರೆದರು. ಜೊತೆಗೆ ಏನು ತರಲಿ ಎಂದು ಅಲ್ಲಿಯವರನ್ನೇ ಕೇಳಿದರು. ಉತ್ತರ ಬಂತು: ಬಟ್ಟೆ ಬೇಡ, ಸಾಕಾಗಿದೆ. ಉಣ್ಣಲು ತಟ್ಟೆ ಬೇಕು.

ಆದರೆ ಊರು ಬಟ್ಟೆಯನ್ನೇ ತಂದು ಸುರಿಯಿತು. ಶಾಲೆಯ ಜಗಲಿಯ ಮೇಲೆ ಗುಡ್ಡೆ ಬಿತ್ತು. ಸೆರಗು ಹರಿದ ಸೀರೆ, ಒಂದೇ ಕಾಲಿನ ಚಪ್ಪಲಿ, ಯಾರದೋ ಮದುವೆಯ ಕೋಟು, ಅದರ ಗುಂಡಿಗಳನ್ನು ಬಿಚ್ಚಿಟ್ಟುಕೊಂಡು ಕಳಿಸಿದ್ದರು! ಮೇಡಂ ಒಂದೊಂದೇ ಎತ್ತಿ, ತಂದವರ ಕೈಗೇ ವಾಪಸ್ಸು ಕೊಟ್ಟರು. “ನೀವು ಉಡದ್ದನ್ನ ಅವರ್ಯಾಕ ಉಡಬೇಕ್ರಿ? ಅವರ ಮನಿ ಹೋಗೈತಿ, ಮಾನ ಹೋಗಿಲ್ಲ.” ಊರಿಗೆ ಸಿಟ್ಟು ಬಂತು. ಕೊಡೋಕೆ ಬಂದವರನ್ನು ಬೈಯುವ ಹೆಂಗಸು ಇವಳೊಬ್ಬಳೇ ಎಂದು ಹೋಟೆಲಿನಲ್ಲಿ ಮಾತಾಯಿತು.

ಆಗ ಗುರುಬಸಪ್ಪನವರು ಮುಂದೆ ಬಂದರು. ಅವರು ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು. ಮುನ್ನೂರು ತಟ್ಟೆ ನಾನು ಕೊಡುತ್ತೇನೆ ಎಂದರು, ಮಾಬಣ್ಣನ ಅಂಗಡಿಯಿಂದಲೇ ಆರಿಸಿದರು, ದಪ್ಪ ತಗಡಿನ ಒಳ್ಳೆಯ ತಟ್ಟೆ. ಆಮೇಲೆ ನನ್ನ ಗೋಣಿಚೀಲದ ಹತ್ತಿರ ಬಂದು ನಿಂತರು.

“ಏ ಹುಡುಗ, ಎಲ್ಲಾದ್ರ ಮ್ಯಾಲೂ ನಮ್ಮಪ್ಪನ ಹೆಸರು ಬರಿ. ಅಂಚಿಗಲ್ಲ, ಒಳಗ, ನಟ್ಟನಡುವ. ಉಣ್ಣೋನಿಗೆ ಕಾಣ್ಬೇಕು.”

ನನಗೆ ಹಬ್ಬ! ಮುನ್ನೂರು ಶ್ರೀ! ನನ್ನ ಅಕ್ಷರ ಸಮುದ್ರ ದಾಟುತ್ತದೆ. ಅವತ್ತೇ ಶುರು ಮಾಡಿದೆ. ಎರಡು ದಿನದಲ್ಲಿ ನಲವತ್ತು ಮುಗಿಸಿದೆ. ಬಿಸಿಲು ಆಗಲೇ ಬಲಿತಿತ್ತು, ಎದುರಿನ ರಸ್ತೆಯಲ್ಲಿ ಶೇಂಗಾ ಚೀಲದ ಗಾಡಿಗಳು ಮಿಲ್ಲಿನ ಕಡೆ ಸಾಲು ಹಿಡಿದಿದ್ದವು, ಧೂಳು ಬಂದು ಅಕ್ಷರದ ಗೆರೆಯಲ್ಲಿ ಕೂರುತ್ತಿತ್ತು, ನಾನು ಉಫ್ ಎಂದು ಊದಿ ಮುಂದಿನದು ಎತ್ತಿಕೊಳ್ಳುತ್ತಿದ್ದೆ. ನಲವತ್ತನೆಯದನ್ನು ಊದುತ್ತಿರುವಾಗ ಮೇಡಂ ಬಂದರು. ಸೈಕಲ್ಲು ನಿಲ್ಲಿಸಿ, ಮೇಲಿನ ತಟ್ಟೆ ಎತ್ತಿ ನೋಡಿದರು. ಅದರ ಕೆಳಗಿನದು ನೋಡಿದರು. ಇನ್ನೊಂದು ನೋಡಿದರು.

“ನಿಲ್ಲಿಸು.”

“ಯಾಕ್ರಿ ಮೇಡಂ? ಚಲೋ ಬಂದಿಲ್ಲೇನು?”

“ಚಲೋ ಬಂದೈತಿ. ಅದಕ್ಕ ಹೇಳ್ತೀನಿ, ನಿಲ್ಲಿಸು.”

ನನಗೂ ಬಾಯಿ ಇತ್ತಲ್ಲ, ವಾದ ಮಾಡಿದೆ. ಗುಡಿಯ ಗಂಟೆಯ ಮೇಲೆ ಕೊಟ್ಟವರ ಹೆಸರಿಲ್ಲವಾ? ಶಾಲೆಯ ಫ್ಯಾನಿನ ಮೂರು ರೆಕ್ಕೆಯ ಮೇಲೂ ಇಲ್ಲವಾ? ನಾವು ಸೆಕೆಯಲ್ಲಿ ಮೇಲೆ ನೋಡಿದಾಗೆಲ್ಲ ಆ ಹೆಸರು ತಿರುಗುತ್ತಿರಲಿಲ್ಲವಾ? ಮೇಡಂ ಸೈಕಲ್ಲು ತಿರುಗಿಸಿಕೊಂಡು, “ಐತವಾರ ಮುಂಜಾನಿ ಮನಿಗೆ ಬಾ” ಎಂದರು.

ಹೋದೆ. ಎರಡು ಕೋಣೆಯ ಬಾಡಿಗೆ ಮನೆ, ಗೋಡೆಗೆ ಒಂದು ಬುದ್ಧನ ಕ್ಯಾಲೆಂಡರು, ಒಂದು ದೊಡ್ಡ ಪ್ರಪಂಚದ ನಕ್ಷೆ. ಮಂಡಕ್ಕಿ ಒಗ್ಗರಣೆ ಕೊಟ್ಟರು. ಪ್ಲೇಟಿನಲ್ಲಿ ನನಗೆ, ತಮಗೆ ಒಂದು ಹಳೆಯ ಅಲ್ಯುಮಿನಿಯಂ ತಟ್ಟೆಯಲ್ಲಿ. ತಿಂದು ಮುಗಿಸಿ ಆ ತಟ್ಟೆಯನ್ನು ಸೆರಗಿನಿಂದ ಒರೆಸಿ ನನ್ನ ಮುಂದೆ ಇಟ್ಟರು.

ನಡುವೆ ಒಂದು ಹೆಸರು ಇತ್ತು. ಉಳಿ ಬಡಿದು ಚುಕ್ಕಿ ಚುಕ್ಕಿಯಾಗಿ ಹಾಕಿದ ಹಳೆಯ ಕಾಲದ ಕೆಲಸ. ಅದರ ಮೇಲೆ ಅಡ್ಡ, ಉದ್ದ, ಅಡ್ಡ, ಸಿಕ್ಕಾಪಟ್ಟೆ ಗೀಚಿದ ಗುರುತು. ಆದರೂ ಓದಬಹುದಿತ್ತು.

“ಹರಪನಹಳ್ಳಿ ಹಾಸ್ಟೆಲ್ಲಿನದು” ಎಂದರು. “ಐದನೇ ಕ್ಲಾಸಿನಿಂದ ಏಳು ವರ್ಷ ಇದರಾಗ ಉಂಡೀನಿ. ಅನ್ನ ಹಾಕಿದಾಗ ಹೆಸರು ಕಾಣ್ತಿರಲಿಲ್ಲ. ಅನ್ನ ಮುಗೀತಿದ್ದಂಗ ಅದು ಎದ್ದು ಬರೋದು. ಇನ್ನೊಂದು ತುತ್ತು ಬೇಕು ಅನಿಸ್ತಿತ್ತು, ಈ ಹೆಸರು ನೋಡಿ ಕೇಳೋಕ ನಾಚಿಕಿ. ಒಂದಿನ ಬ್ಲೇಡಿನಾಗ ಕೆರದೆ. ವಾರ್ಡನ್ನು ಎಲ್ಲರ ಮುಂದ ನಿಲ್ಲಿಸಿ ಕೇಳಿದ್ರು, ಅನ್ನ ಕೊಟ್ಟೋರ ಹೆಸರು ಕೆರಿತೀಯೇನ ಅಂತ.”

“ನೀವೇನಂದ್ರಿ?”

“ಆವಾಗ ಏನೂ ಅನ್ನಲಿಲ್ಲ. ಈಗ ಅಂತೀನಿ.”

ಆ ಹೆಸರಿನವರು ಒಳ್ಳೆಯವರೇ ಇರಬೇಕು, ಅವರ ಮೇಲೆ ಸಿಟ್ಟಿಲ್ಲ ಎಂದೂ ಹೇಳಿದರು. ಆದರೆ ಒಬ್ಬರ ಉಪಕಾರವನ್ನು ಒಂದು ಸಲ ನೆನೆಯಬಹುದು, ದಿನಾ ಎರಡು ಹೊತ್ತು ಬಾಯಿಗೆ ತುತ್ತು ಇಡುವಾಗೆಲ್ಲ ನೆನೆ ಅಂದರೆ ಆ ತುತ್ತು ಇಳಿಯುವುದಿಲ್ಲ ಎಂದರು. ನಾನು ಆ ಗೀಚಿದ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಹನ್ನೆರಡು ವರ್ಷದ ಹುಡುಗಿಯ ಕೈಬಲ. ಎಷ್ಟು ಒತ್ತಿದ್ದಳು ಅಂದರೆ ಒಂದು ಕಡೆ ತಗಡು ತೂತು ಬೀಳುವುದೊಂದು ಬಾಕಿ.

ಮರುದಿನದಿಂದ ನಾನು ಮಷೀನು ಕೆಟ್ಟಿದೆ ಅಂದೆ. ಹೌದು, ಸುಳ್ಳು ಹೇಳಿದೆ. ಧೈರ್ಯ ಎಲ್ಲಿಂದ ಬರಬೇಕು? ಮಾಬಣ್ಣನಿಗೂ ಅದನ್ನೇ ಹೇಳಿದೆ. ಅವನು ಮಷೀನು ಎತ್ತಿಕೊಂಡು ಗುಂಡಿ ಒತ್ತಿದ. ಗುಂಯ್ ಅಂತು. ನನ್ನ ಮುಖ ನೋಡಿದ, ಮಷೀನು ಕೆಳಗಿಟ್ಟ, “ಹೂಂ, ಪೂರಾ ಕೆಟ್ಟೈತಿ” ಎಂದು ಒಳಗೆ ಹೋದ.

ನಾಲ್ಕನೆಯ ದಿನ ಮಿಲ್ಲಿನಿಂದ ಬುಲಾವು ಬಂತು, ಮೇಡಂಗೂ ನನಗೂ. ಗುರುಬಸಪ್ಪನವರು ಮಂಚದಂಥ ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ಹಿಂದೆ ಗಾಣದ ಸದ್ದು, ಹಿಂಡಿಯ ವಾಸನೆ. ಮೇಡಂಗೆ ಕುರ್ಚಿ ಹಾಕಿಸಿದರು. ನಾನು ಬಾಗಿಲಿಗೆ ಒರಗಿ ನಿಂತೆ.

“ಏನ್ರಿ ಟೀಚರಮ್ಮ, ತಾಟಿನ ಮ್ಯಾಲೆ ನಮ್ಮಪ್ಪನ ಹೆಸರು ಬ್ಯಾಡ ಅಂದ್ರಂತ? ನಮ್ಮಪ್ಪ ಏನು ಕಳ್ಳ ಇದ್ದನೇನು?”

“ಛೇ, ದೊಡ್ಡ ಮನುಷ್ಯರು. ಸಾಲಿಗೆ ಜಾಗ ಕೊಟ್ಟೋರು. ಸಾಲಿ ಗ್ವಾಡಿ ಮ್ಯಾಲೆ ಅವರ ಹೆಸರು ಐತಿ, ನಾನು ದಿನಾ ಓದ್ತೀನಿ. ಉಣ್ಣೋ ತಾಟಿನಾಗ ಬ್ಯಾಡ.”

“ಪುಗಸಟ್ಟೆ ಕೊಡ್ತೀನಿ, ಹೆಸರೂ ಹಾಕ್ಬಾರದಾ? ಇದ್ಯಾವ ನ್ಯಾಯ?”

“ಪುಗಸಟ್ಟೆ ಅಂದ್ರಲ್ಲ ಧಣಿ, ಅದಾ ಮಾತನ್ನ ಆ ತಾಟು ಆ ಹುಡುಗರಿಗೆ ದಿನಾ ಹೇಳ್ತೈತಿ.”

ಗುರುಬಸಪ್ಪನವರು ಕನ್ನಡಕ ತೆಗೆದರು. ದನಿ ಏರಿತು. “ಅಲ್ಲಮ್ಮ, ನಮ್ಮೂರಾಗ ಬಡವರಿಲ್ಲೇನು? ನಮ್ಮ ಹಳ್ಳಿಗಳಾಗ ಸಾಲಿ ಬಿಟ್ಟ ಹುಡುಗರಿಲ್ಲೇನು? ಅವರನ್ನ ಬಿಟ್ಟು ಒಮ್ಮೆ ಆಫ್ರಿಕಾ, ಒಮ್ಮೆ ಲಂಕಾ. ಯಾಕ ಹಾರ್ಬೇಕು?”

ಈ ಪ್ರಶ್ನೆಯನ್ನು ಊರು ಹತ್ತು ವರ್ಷದಿಂದ ಅವರ ಬೆನ್ನ ಹಿಂದೆ ಕೇಳುತ್ತಿತ್ತು. ಎದುರಿಗೆ ಕೇಳಿದ್ದು ಅದೇ ಮೊದಲು. ಮೇಡಂ ಸ್ವಲ್ಪ ಮುಂದಕ್ಕೆ ಬಾಗಿದರು.

“ಅದಾರ್ರಿ ಬಡವರು. ಈ ಪ್ರಶ್ನಿ ಕೇಳೋರು ಯಾರೂ ಅವರ ಮನಿಗೆ ಹೋಗಿರಂಗಿಲ್ಲ, ನಾನು ಹೋಗೀನಿ. ಹುಟ್ಟಿದ್ದಾ ಅಲ್ಲಿ. ಸಾಲಿ ಬಿಟ್ಟ ಹುಡುಗರನ್ನ ಎಷ್ಟು ಸಲ ಮನಿಯಿಂದ ಎಳಕೊಂಡು ಬಂದೀನಿ, ನಿಮ್ಮ ಮಿಲ್ಲಿನಾಗಿಂದ ಎಷ್ಟು ಮಂದೀನ ಎಳಕೊಂಡು ಹೋಗೀನಿ, ನಿಮಗಾ ಗೊತ್ತೈತಿ. ಹಸಿದ ಹುಡುಗನ್ನ ನೋಡಿ, ನೀನು ಯಾವ ಜಿಲ್ಲಾದವ ಅಂತ ಕೇಳೋಕ ನನಗ ಬರಂಗಿಲ್ಲ.”

ಗುರುಬಸಪ್ಪನವರು ಡ್ರಾಯರಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮೇಡಂ ಬರೆದ ರಜೆಯ ಅರ್ಜಿ.

“ತಾಟಿನ ಮ್ಯಾಲೆ ಹೆಸರು ಬಂದ್ರ ಇದರ ಮ್ಯಾಲೆ ನನ್ನ ಸಹಿ ಬರ್ತೈತಿ. ಇಲ್ಲಾಂದ್ರ ತಾಟೂ ಇಲ್ಲ, ರಜಾನೂ ಇಲ್ಲ. ಹೆಂಗ ಹೋಗ್ತೀರಿ, ನಾನೂ ನೋಡ್ತೀನಿ.”

ಮೇಡಂ ಹಾಳೆ ತೆಗೆದುಕೊಂಡರು. ಹರಿಯುತ್ತಾರೇನೋ ಅಂದುಕೊಂಡೆ. ಹರಿಯಲಿಲ್ಲ. ಮಗುಚಿ ಹಾಕಿದರು, ಅವರ ಮೇಜಿನ ಪೆನ್ನನ್ನೇ ತೆಗೆದುಕೊಂಡು ಹಿಂಬದಿಯಲ್ಲಿ ನಾಲ್ಕು ಸಾಲು ಬರೆದರು, ಸಹಿ ಮಾಡಿದರು, ಅವರ ಮುಂದಕ್ಕೆ ಸರಿಸಿದರು. ಹದಿನೆಂಟು ವರ್ಷದ ನೌಕರಿಯ ರಾಜೀನಾಮೆ. ಹತ್ತನೇ ತರಗತಿಯ ಪರೀಕ್ಷೆ ಮುಗಿದ ಮರುದಿನದಿಂದ.

“ಹಾಳಿ ಒಂದು ಉಳೀತು” ಎಂದರು.

ಗುರುಬಸಪ್ಪನವರ ಮುಖ ಕೆಂಪಾಯಿತು. ಮೇಡಂ ಮೇಲೆ ನಡೆಯದ್ದು ನನ್ನ ಮೇಲೆ ನಡೆಯಲಿ ಎಂದೇನೋ, ನನ್ನ ಕಡೆ ತಿರುಗಿದರು. “ಏ ಕೊಟ್ರೇಶಿ, ನಿನ್ನ ಮಷೀನಿಗೆ ಏನಾಗೈತಲೇ? ಉಳಿ ತಗೊಂಡು ಬಡಿ. ಉಳಿದದ್ದು ನಾಳಿ ಸಂಜಿಗೆ ಆಗ್ಬೇಕು.”

“ಮಷೀನು ನೆಟ್ಟಗೈತ್ರಿ” ಅಂದೆ. ನನ್ನ ಬಾಯಿಂದಲೇ ಬಂತಾ ಎಂದು ನನಗೇ ಆಶ್ಚರ್ಯ. “ನಾನು ಕೊರ್ಯಂಗಿಲ್ಲ ಧಣಿ.”

“ಯಾಕ?”

“ಹೆಸರು ನಿಮ್ಮ ತಂದೀದು. ಅಕ್ಷರ ನಂದು.”

ಮೇಡಂ ಎದ್ದು ಹೊರಟರು, ನಾನು ಅವರ ಹಿಂದೆ. ಗೇಟಿನ ಹತ್ತಿರ ಬಂದಾಗ, “ಬರೋಬ್ಬರಿ ಲೆಕ್ಕ ಮಾಡಿದಿ” ಎಂದರು. ಹೈಸ್ಕೂಲಿನಲ್ಲಿ ಮೂರು ವರ್ಷ ಆ ಮಾತಿಗೆ ಕಾದಿದ್ದೆ, ಒಮ್ಮೆಯೂ ಅಂದಿರಲಿಲ್ಲ!

ಅವತ್ತೇ ಮಧ್ಯಾಹ್ನ ಮಿಲ್ಲಿನ ಗಾಡಿ ಬಂತು. ಹೆಸರು ಬಿದ್ದ ನಲವತ್ತು ತಟ್ಟೆ ಅವರ ಮನೆಗೆ ಹೋದವು, ಉಳಿದ ಇನ್ನೂರ ಅರವತ್ತನ್ನು ಮಾಬಣ್ಣ ವಾಪಸ್ಸು ತೆಗೆದುಕೊಳ್ಳಬೇಕಾಯಿತು. ಮಾರಿದ ಮಾಲು ವಾಪಸ್ಸಿಲ್ಲ ಎಂದು ಬೋರ್ಡು ಹಾಕಿಕೊಂಡವನು ಅವನು. ತಟ್ಟೆಯ ಗುಡ್ಡೆಯ ಮುಂದೆ ಕೂತು ತಲೆ ಕೆರೆದುಕೊಂಡ.

“ಲೇ, ಹೆಸರು ಹಾಕೋನಾ ಹೆಸರು ಹಾಕಂಗಿಲ್ಲ ಅಂದ್ರ ನಾಳಿ ಕಟಿಂಗ್ ಅಂಗಡಿಯವ ತಲಿ ಮುಟ್ಟಂಗಿಲ್ಲ ಅಂತಾನ. ಏನು ಮಾಡ್ಲಿ ಇವನ್ನ? ಇಟಗೊಂಡು ನಾನಾ ಉಣ್ಲೇನು?”

ಮೇಡಂ ಮಕ್ಕಳ ಜೊತೆ ಮನೆ ಮನೆಗೆ ಹೋಗಿ ತಟ್ಟೆ ಕೇಳಿದರು. ಜನ ಕೊಟ್ಟರು, ಆದರೆ ಏನು ಹೇಳಲಿ, ಬಂದ ತಟ್ಟೆಗಳ ಮೇಲೆಲ್ಲ ಹೆಸರು! ಮಾವ ಕೊಟ್ಟದ್ದು, ಚಿಕ್ಕಮ್ಮ ಕೊಟ್ಟದ್ದು, ಸಂಘದವರು ಕೊಟ್ಟದ್ದು. ಅರ್ಧಕ್ಕರ್ಧ ನನ್ನವೇ, ಮೇಲಿದ್ದ ಬಾಲದ ಶ್ರೀ ನನ್ನನ್ನೇ ನೋಡಿ ನಗುತ್ತಿತ್ತು. ಇಡೀ ಹಗರಿಬೊಮ್ಮನಹಳ್ಳಿಯಲ್ಲಿ ಹೆಸರಿಲ್ಲದ ತಟ್ಟೆ ಇದ್ದದ್ದು ಒಂದೇ ಕಡೆ, ಮಾಬಣ್ಣನ ಅಂಗಡಿಯಲ್ಲಿ. ಗುರುಬಸಪ್ಪನವರು ವಾಪಸ್ಸು ಮಾಡಿದ ಅವೇ ತಟ್ಟೆ.

ಮೊದಲು ಬಂದವಳು ನಮ್ಮ ಅವ್ವ. ಗುಡ್ಡೆಯಿಂದ ಒಂದು ತಟ್ಟೆ ಎತ್ತಿ, ದುಡ್ಡು ಕೊಟ್ಟು, “ಇದು ಹುಲಿಗೆಮ್ಮಗ” ಅಂದಳು. ಅಭ್ಯಾಸಬಲ ನೋಡಿ, ತಟ್ಟೆಯನ್ನು ನನ್ನ ಕಡೆ ಚಾಚಿದಳು, ಹೆಸರು ಬರೆಯಲು! ಆಮೇಲೆ ನಾಲಿಗೆ ಕಚ್ಚಿಕೊಂಡಳು. ಮರುದಿನ ಇಬ್ಬರು, ಆಮೇಲೆ ಬಸ್‌ಸ್ಟ್ಯಾಂಡಿನ ಹಣ್ಣಿನವರು, ಆಮೇಲೆ ಮೇಡಂ ಹತ್ತಿರ ಹಿಂದೆ ಓದಿದವರ ಮನೆಯವರು ಕೂಡ್ಲಿಗಿಯಿಂದಲೂ ಬಂದರು. ಗುಂಡಿ ಬಿಚ್ಚಿದ ಕೋಟಿನವರೂ ಬಂದರು, ಎರಡು ತಟ್ಟೆ ತೆಗೆದುಕೊಂಡರು. ಎಲ್ಲರೂ ಕೊಂಡು, ತಟ್ಟೆಯನ್ನು ನನ್ನ ಕಡೆ ಚಾಚುವವರೇ. ನಾನು ಕೈ ಕಟ್ಟಿಕೊಂಡು ಕೂತಿದ್ದೆ, ಮಷೀನು ಗೋಣಿಯ ಕೆಳಗೆ ಮಲಗಿತ್ತು. ಬಾಗಳಿ ಕಡೆಯ ಒಬ್ಬ ಅಜ್ಜಿ ಮಾತ್ರ ಜಗಳಕ್ಕೇ ನಿಂತಳು.

“ಹೆಸರಿಲ್ದ ತಾಟು ಯಾರರ ಎತ್ತಿಕೊಂಡು ಹೋದ್ರ?”

“ಎತ್ತಿಕೊಂಡು ಹೋಗ್ಲಿ ಅಂತನಾ ಕೊಡೋದಲ್ಲೇನಬೇ?”

ಅಜ್ಜಿ ಯೋಚಿಸಿದಳು. “ಅದೂ ಖರೇ ಬಿಡು” ಎಂದು ಲಂಕಾಕ್ಕೆ ಹೋಗುವ ಚೀಲಕ್ಕೆ ತಟ್ಟೆ ಹಾಕಿ ಹೋದಳು.

ಇತ್ತ ಮೇಡಂ ಪರೀಕ್ಷೆ ಮುಗಿಯುವ ತನಕ ಒಂದು ದಿನ ತಪ್ಪಿಸಲಿಲ್ಲ. ಮುಂಜಾನೆ ಆರಕ್ಕೇ ಶಾಲೆಯ ಬೇವಿನ ಗಿಡದ ಕೆಳಗೆ ಕ್ಲಾಸು. ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟು ಹೋದಳು ಎಂದು ಯಾರೂ ಅನ್ನಬಾರದಿತ್ತು. ಅನ್ನುವುದಕ್ಕೆ ಕಾದವರು ಕಾಯುತ್ತಲೇ ಉಳಿದರು. ಗಣಿತದ ಪೇಪರಿನ ದಿನ ಶಾಲೆಯ ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಕಳಿಸಿದರು. ಕೊನೆಯ ಪೇಪರು ಮುಗಿದ ಮರುದಿನ ಮುಂಜಾನೆ ಹೊಸಪೇಟೆಯ ಕಡೆ ಹೋಗುವ ಲಾರಿಗೆ ತಟ್ಟೆಯ ಗೋಣಿಚೀಲ ಏರಿಸಿದೆವು. ಹದಿನೈದೋ ಇಪ್ಪತ್ತೋ ತಟ್ಟೆ ಮಾರಾಟವಾಗದೆ ಉಳಿದಿದ್ದವು. ಮಾಬಣ್ಣ ಯಾರಿಗೂ ಏನೂ ಹೇಳದೆ ಅವನ್ನೂ ಚೀಲಕ್ಕೆ ತುಂಬಿ ಬಾಯಿ ಹೊಲಿದ. ಮೇಡಂ ಕೈಯಲ್ಲಿ ಒಂದು ಟ್ರಂಕು, ಹೆಗಲಿಗೆ ಒಂದು ಚೀಲ. ಚೀಲದೊಳಗೆ ಆ ಅಲ್ಯುಮಿನಿಯಂ ತಟ್ಟೆಯ ಅಂಚು ಕಾಣುತ್ತಿತ್ತು.

“ಅದ್ಯಾಕ್ರಿ ಮೇಡಂ, ಅಷ್ಟು ತಾಟು ಹೊಂಟಾವು?”

“ನಾನು ಉಣ್ಣೋಕ” ಎಂದರು. “ಮರೀಬಾರ್ದಲ್ಲ.”

ತಮಿಳು ಬರುತ್ತದಾ ಎಂದು ಕೇಳಿದೆ. ಅಲ್ಲಿಯ ಮಕ್ಕಳು ತಮಿಳು ಮಾತಾಡುವವರಂತೆ. ಬರುವುದಿಲ್ಲ, ಆ ಮಕ್ಕಳೇ ಹೇಳಿಕೊಡುತ್ತಾರೆ ಎಂದರು. ಹಾಗೆಯೇ ಆಯಿತು. ಒಂದು ವರ್ಷ ಎಂದು ಹೋದವರು ಮೂರು ವರ್ಷ ಇದ್ದರು. ಈಗ ಇನ್ನೊಂದು ದೇಶದ ಶಿಬಿರದಲ್ಲಿ ಟೀಚರುಗಳಿಗೇ ಪಾಠ ಹೇಳುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುತ್ತಾರೆ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾರೆ, ಹೋಗುತ್ತಾರೆ. ಊರು ಇನ್ನೂ ಕೇಳುತ್ತದೆ, ಇಲ್ಲಿ ಬಡವರಿಲ್ಲವಾ ಎಂದು. ಕೇಳಲಿ.

ಮೇಡಂ ಅಲ್ಲಿಗೆ ಹೋದ ಮೊದಲ ವರ್ಷವೇ ಲಂಕಾದಿಂದ ನನಗೊಂದು ಲಕೋಟೆ ಬಂದಿತ್ತು. ಒಳಗೆ ಪತ್ರ ಎರಡೇ ಸಾಲು, ಜೊತೆಗೆ ಒಂದು ತೆಳು ಹಾಳೆ. ತಟ್ಟೆಯ ಬೆನ್ನಿಗೆ ಹಾಳೆ ಇಟ್ಟು ಮೇಲೆ ಪೆನ್ಸಿಲು ತಿಕ್ಕಿದ್ದರು, ಬೂದು ಬಣ್ಣದಲ್ಲಿ ಬಿಳಿ ಗೆರೆ ಎದ್ದಿತ್ತು. ಹುಡುಗರು ಮೊಳೆ ತೆಗೆದುಕೊಂಡು ತಮ್ಮ ತಮ್ಮ ತಟ್ಟೆಯ ಹಿಂದೆ ತಮ್ಮ ತಮ್ಮ ಹೆಸರು ಗೀಚಿಕೊಂಡಿದ್ದಾರಂತೆ, ಯಾರೂ ಹೇಳಿದ್ದಲ್ಲವಂತೆ. ಆ ಲಿಪಿ ನನಗೆ ಓದಲು ಬರುವುದಿಲ್ಲ. ಅಕ್ಷರ ವಕ್ರ ವಕ್ರ, ಒಂದಂತೂ ಅಂಚಿನಿಂದ ಜಾರಿ ಹೊರಗೇ ಹೋಗಿದೆ. ಆ ಹಾಳೆ ಈಗ ನನ್ನ ಅಂಗಡಿಯಲ್ಲಿದೆ, ಕಂಪ್ಯೂಟರಿನ ಮೇಲೆ, ಗೋಡೆಗೆ. ಲಗ್ನಪತ್ರಿಕೆ ಮಾಡಿಸಲು ಬಂದವರು ಇದ್ಯಾವ ದೇವರ ಯಂತ್ರ ಎಂದು ಕೇಳುತ್ತಾರೆ.

ಇಷ್ಟೆಲ್ಲ ಆ ತಟ್ಟೆಯ ಮುಂದೆ ಕೂತು ನೆನಪಾಗುವಾಗ ಪಂಕ್ತಿಯಲ್ಲಿ ಯಾರೋ ನಿಂತರು. ಗುರುಬಸಪ್ಪನವರೇ. ಈಗ ಕೂದಲು ಪೂರಾ ಬೆಳ್ಳಗೆ. ಅನ್ನದ ಬುಟ್ಟಿ ಹಿಡಿದ ಆಳಿನ ಪಕ್ಕ ನಿಂತು, ತಾವೇ ಸೌಟು ಹಿಡಿದು ಬಡಿಸುತ್ತಿದ್ದರು. ನನ್ನ ತಟ್ಟೆ ನೋಡಿದರು. ಅನ್ನ ಪಕ್ಕಕ್ಕೆ ಸರಿದು ಅವರ ಅಪ್ಪನ ಹೆಸರು ಪೂರ್ತಿ ಕಾಣುತ್ತಿತ್ತು.

“ಕೊಟ್ರೇಶಿ ಅಲ್ಲೇನು? ನಿನ್ನ ಕೈಯಾಗಿಂದಾ ಇದು. ಈಗಿನ ಹುಡುಗರಿಗೆ ಹಿಂಗ ಬರಿಯಾಕ ಬರಂಗಿಲ್ಲ ನೋಡು. ಚೆಂದ ಐತಿ.”

“ಹೌದ್ರಿ ಧಣಿ, ಚೆಂದ ಐತಿ” ಅಂದೆ. “ನಲವತ್ತಕ್ಕ ನಿಲ್ಲಿಸಿದ್ದು ಇನ್ನೂ ಚೆಂದ ಐತಿ.”

ಪಕ್ಕದಲ್ಲಿದ್ದವರ ಕೈ ಬಾಯಿಯ ಹತ್ತಿರವೇ ನಿಂತಿತು. ಗುರುಬಸಪ್ಪನವರು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದರು. ನಾನೂ ಕಣ್ಣು ತೆಗೆಯಲಿಲ್ಲ. ಆಮೇಲೆ ಅವರು ಬುಟ್ಟಿಯಿಂದ ಒಂದು ದೊಡ್ಡ ಸೌಟು ಅನ್ನ ತೆಗೆದು ತಟ್ಟೆಯ ನಟ್ಟನಡುವೆ, ಸರಿಯಾಗಿ ಆ ಹೆಸರಿನ ಮೇಲೆ, ಹಾಕಿದರು.

“ಉಣ್ಣು” ಎಂದರು.

ಉಂಡೆ.